ಬಂಡಿದಾರಿಗೆ ಬಂದ ಗೆರೆ

ಸಿಂಧನೂರಿನ ಆಫೀಸಿನಲ್ಲಿ ನಾನು ನಕ್ಷೆ ನೋಡಿಕೊಳ್ಳುತ್ತೇನೆ ಎಂದರೆ ಸಂತೆಕಲ್ಲೂರಿನ ನಮ್ಮ ಮನೆಯವರು ಗೋಡೆಗೆ ನೇತುಹಾಕುವ ನಕ್ಷೆ ಎಂದುಕೊಳ್ಳುತ್ತಾರೆ. ನನ್ನವು ಕಂಪ್ಯೂಟರಿನಲ್ಲಿವೆ. ಕಾಲುವೆಗಳದೊಂದು ಪದರ, ಊರುಗಳದೊಂದು ಪದರ. ಒಂದರ ಮೇಲೊಂದು ಇಟ್ಟರೆ ನಕ್ಷೆ. ಆ ನಕ್ಷೆಯನ್ನು ನಂಬಿಕೊಂಡು ಫೋನಿನ ಆ್ಯಪು. ಯಾವುದಕ್ಕೆ ಯಾವುದು ಆಸರೆ ಎಂದು ಹೆಸರುಗಳ ನಡುವೆ ಗೆರೆ ಎಳೆದು ತೋರಿಸುವ ಪುಟವೂ ಇದೆ. ಅದೆಂದರೆ ನನಗೆ ಬಲು ಇಷ್ಟ. ಮದುವೆಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಕೆದಕಿ ಕೇಳುವ ಚಾಳಿ ನನ್ನದು.

ಕಳೆದ ಸುಗ್ಗಿಯಲ್ಲಿ ಲಿಂಗಸುಗೂರಿನ ಸಾಹೇಬರಿಂದ ಹುಕುಂ ಬಂತು: ಜಾಗ ಸಾಲುತ್ತಿಲ್ಲ, ಗೆರೆ ಇಲ್ಲದ, ಅಂದರೆ ಯಾವ ನಕ್ಷೆಗೂ ಬೇಡದ ಪದರಗಳನ್ನೆಲ್ಲ ಇವತ್ತೇ ಅಳಿಸಿ. ಖುಷಿಯಿಂದಲೇ ಶುರುಮಾಡಿದೆ. ಅರ್ಧ ಕಸ ಸಾಹೇಬರದೇ ಆಗಿತ್ತು. ಆಮೇಲೆ 'ಬಂಡಿದಾರಿ' ಎಂಬ ಪದರ ಬಂತು. ಅದಕ್ಕೆ ಒಂದೂ ಗೆರೆ ಇರಲಿಲ್ಲ.

ಗದ್ದೆಗಳ ನಡುವೆ ಓಡಾಡಿ ಆ ದಾರಿಗಳನ್ನು ಗುರುತಿಸಿದವರು ನನ್ನ ಪಕ್ಕದ ಕುರ್ಚಿಯ ಹಿರಿಯರು. ದಿನಾ ಮಸ್ಕಿಯಿಂದ ಬಸ್ಸಿಗೆ ಬರುತ್ತಿದ್ದರು. ಮರುದಿನ ಅವರ ನಿವೃತ್ತಿ. ನನ್ನ ಕೈ ಮೌಸಿನ ಮೇಲೆ ನಿಂತದ್ದನ್ನು ಅವರೂ ನೋಡಿದರು.

"ಅಳಸಿಬಿಡವ್ವಾ. ಯಾರಿಗೂ ಬ್ಯಾಡಾಗೈತಿ ಅಂತ ಅದಾ ಹೇಳಾಕತ್ತೈತಲ್ಲ" ಎನ್ನುತ್ತ ಊಟದ ಡಬ್ಬಿ ಬಿಚ್ಚಿದರು. ರೊಟ್ಟಿ ಮುರಿದರು, ತಿನ್ನಲಿಲ್ಲ. ನನಗೆ ಸಂಕಟವಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ದಢೇಸುಗೂರಿನಲ್ಲಿ ನಮ್ಮ ಕಾಕಾ ಭತ್ತ ಕೊಯ್ಯುವ ಮಷಿನ್ ಓಡಿಸುತ್ತಾನೆ. ಫೋನು ತೋರಿಸಿದ ದಾರಿ ನಂಬಿ ಒಮ್ಮೆ ಕಾಲುವೆಯ ಏರಿಯ ಮೇಲೆ ಸಿಕ್ಕಿಕೊಂಡಿದ್ದ. ಆ ಫೋನು ತಯಾರಿಸಿದವಳೇ ನಾನು ಎಂಬಂತೆ ಬೈದಿದ್ದ. ಅವನಿಗೇ ಫೋನು ಹಚ್ಚಿದೆ.

"ಕಾಕಾ, ಮಷಿನ್ ಹೋಗೋ ದಾರಿ ಅಷ್ಟಾ ತೋರ್ಸೋ ನಕ್ಷೆ ಕೊಟ್ರ ನೋಡ್ತಿಯೇನು?"

"ಈಗ್ಲೇ ಕಳಸವ್ವಾ. ಆರ್.ಎಚ್. ಕ್ಯಾಂಪಿನ ಗದ್ದಿಗೆ ಹೊಂಟೀನಿ."

ಹೊಸ ನಕ್ಷೆಯೊಂದನ್ನು ಮಾಡಿ, ಬಂಡಿದಾರಿಯ ಪದರವನ್ನು ಅದರೊಳಗೆ ಕೂರಿಸಿ, ಲಿಂಕ್ ಕಳಿಸಿದೆ. ಹಿರಿಯರಿಗೆ ಏನೂ ಹೇಳಲಿಲ್ಲ. ಸಂಜೆ ಅವರು ಚೀಲ ಹೆಗಲಿಗೇರಿಸುವಾಗ ಕಾಕಾನ ಫೋನು ಬಂತು. ಬೇಕೆಂದೇ ಸ್ಪೀಕರ್ ಹಾಕಿದೆ.

"ಸೀದಾ ಗದ್ದಿಗೇ ಬಂದು ಇಳದೀನಿ ನೋಡವ್ವಾ! ಎಲ್ಲಿ ಇಕ್ಕಟ್ಟು ಅನ್ನೋದೂ ಹಾಕ್ಯಾರ. ಯಾರು ಮಾಡ್ಯಾರ ಇದನ್ನ?"

"ಇಲ್ಲೇ ಅದಾರ" ಎಂದು ಪರದೆಯನ್ನು ಅವರ ಕಡೆ ತಿರುಗಿಸಿದೆ. ಬಂಡಿದಾರಿಯಿಂದ ಹೊಸ ನಕ್ಷೆಗೆ ಒಂದು ಗೆರೆ ಬಿದ್ದಿತ್ತು. "ಸಾಹೇಬ್ರ ಹುಕುಂ ಪ್ರಕಾರ ಇನ್ನ ಇದನ್ನ ಅಳಸಾಕ ಬರಂಗಿಲ್ರಿ ಸರ್."

ಅವರು ಗೆರೆಯನ್ನೇ ನೋಡಿದರು. ಹೊಗಳುತ್ತಾರೆ ಎಂದುಕೊಂಡಿದ್ದೆ. ಚೀಲ ಇಳಿಸಿ ಕುರ್ಚಿ ಎಳೆದುಕೊಂಡರು.

"ಅತ್ತಾಗ ಸರಿ ತಂಗಿ. ಕ್ಯಾಂಪಿನ ಆಚಿ ಒಂದು ಮೋರಿ ಕುಸದೈತಿ. ಯಾರು ನೋಡ್ತಾರ ಅಂತ ಹಾಕಿದ್ದಿಲ್ಲ. ನಾಳೆ ಮಷಿನ್ ಆ ಕಡೆ ಹೋದ್ರ ಏನ್ ಗತಿ?"

"ಮಸ್ಕಿ ಬಸ್ಸು ಹೊಂಟೈತ್ರಿ" ಎಂದೆ.

"ಹೋಗ್ಲಿ ಬಿಡು" ಎಂದು ಕನ್ನಡಕ ಒರೆಸಿಕೊಂಡು ಮೌಸನ್ನು ನನ್ನ ಕೈಯಿಂದ ತೆಗೆದುಕೊಂಡರು.