ಖರಾಬು ಹುಲ್ಲು

ಕಾಗಾಲದ ಗುಡ್ಡೆಯ ಮೇಲೆ ಹುಲ್ಲು ಕೊಯ್ಯುವುದರಲ್ಲಿ ಮಾದಿಯನ್ನು ಮೀರಿಸಿದವರಿಲ್ಲ. ಮದುವೆಯಾಗಿ ಬಂದ ವರ್ಷ ಅತ್ತೆ ಅವಳ ಕೈಗೆ ಕೊಟ್ಟದ್ದು ಒಂದು ಕತ್ತಿ, ಹೊರೆ ಕಟ್ಟಲು ಒಂದು ಕತ್ತದ ಬಳ್ಳಿ, ಜೊತೆಗೊಂದು ಬುದ್ಧಿಮಾತು: ಪರವೂರಿನವರು ಹುಲ್ಲು ಹೇಗಿದೆ ಅಂತ ಕೇಳಿದರೆ ಚೆನ್ನಾಗಿದೆ ಅನ್ನಬಾರದು, ಎಮ್ಮೆಗೆ ದೃಷ್ಟಿ ತಾಗುತ್ತದೆ.

ಮೂವತ್ತು ವರ್ಷ ಮಾದಿ ಈ ಮಾತು ಪಾಲಿಸಿದಳು. ಆದ್ದರಿಂದಲೇ ಅಳತೆಯವರು ಬಂದ ದಿನ, ಸೊಂಟದೆತ್ತರ ಹುಲ್ಲಿನ ನಡುವೆ ನಿಂತುಕೊಂಡು, "ಇಲ್ಲಿ ಏನು ಬೆಳೀತೀರಮ್ಮಾ?" ಎಂದು ಅವರು ಕೇಳಿದಾಗ, ಹೊರೆ ಬಿಗಿಯುತ್ತಲೇ ಅಂದಳು:

"ಎಂತದೂ ಇಲ್ರಾ."

ಅವರು ಅದನ್ನು ಹಾಗೆಯೇ ಬರೆದುಕೊಂಡರು.

ಮುಂದೆ ಪಂಚಾಯ್ತಿಯಲ್ಲಿ ಸಭೆ ನಡೆಯಿತು. ಸೋಲಾರ್ ಕಂಪನಿಯವರು, "ಒಂದು ಗುಂಟೆ ಗದ್ದೆಯನ್ನೂ ಮುಟ್ಟುವುದಿಲ್ಲ. ಏನೂ ಬೆಳೆಯದ ಖರಾಬು ಜಾಗ ಮಾತ್ರ ಸಾಕು" ಎಂದರು. ಎಷ್ಟು ಒಳ್ಳೆಯವರಪ್ಪ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಮಾದಿಯದು ಎಲ್ಲರಿಗಿಂತ ಜೋರು. ಆ ಖರಾಬು ಜಾಗ ಯಾವುದೆಂದು ಅವಳಿಗೆ ಗೊತ್ತಾದದ್ದು ಗುಡ್ಡೆಯ ಸುತ್ತ ತಂತಿ ಬೇಲಿ ಬಿದ್ದ ಮೇಲೆ.

ಎರಡು ಎಮ್ಮೆಗಳಲ್ಲಿ ಒಂದನ್ನು ಮಾರಿದ್ದಾಯಿತು. ಉಳಿದದ್ದು ಗಬ್ಬದ ಎಮ್ಮೆ. ಹುಲ್ಲು ಸಿಗದಿದ್ದರೆ ದೀಪಾವಳಿಯೊಳಗೆ ಅದರ ಹಗ್ಗವನ್ನೂ ಬೇರೆಯವರ ಕೈಗೆ ಕೊಡಬೇಕು.

ಆದರೆ ಹುಲ್ಲಿಗೆ ಸಭೆಯ ತೀರ್ಮಾನ ಯಾರು ತಿಳಿಸಬೇಕು? ಮಳೆ ಬಿದ್ದದ್ದೇ ತಡ, ಗುಡ್ಡೆ ತುಂಬ ಹಾಸಿದ್ದ ಸೋಲಾರ್ ಫಲಕಗಳ ಅಡಿಯಿಂದ ಎದ್ದು ನಿಂತಿತು. ಮೊದಲು ಹುಲ್ಲಿನ ಮೇಲೆ ಫಲಕಗಳ ನೆರಳು ಬಿದ್ದಿತ್ತು, ಈಗ ಫಲಕಗಳ ಮೇಲೆ ಹುಲ್ಲಿನ ನೆರಳು ಬಿತ್ತು. ಕರೆಂಟು ಇಳಿಯಿತು. ಹುಲ್ಲು ಕೊಯ್ಯಲು ಗಟ್ಟಿಗರು ಬೇಕೆಂದು ಕಂಪನಿ ಊರೆಲ್ಲ ಹುಡುಕಿತು. ಮಾದಿ ತನ್ನದೇ ಗುಡ್ಡೆಗೆ ತಲೆಗೊಂದು ಹಳದಿ ಟೊಪ್ಪಿ ಹಾಕಿಕೊಂಡು ಕೂಲಿಗೆ ಹೋದಳು.

ಸಂಜೆ ಹೊರೆ ಹೊತ್ತು ಬಂದರೆ ಗೇಟಿನಲ್ಲಿ ಕಾವಲುಗಾರ ವೆಂಕಟ, ಗಂಡನ ಅಣ್ಣನ ಮಗ.

"ಚಿಕ್ಕೀ, ಹೊರೆ ಇಳ್ಸು."

"ಎಂತಕಾ?"

"ಕಂಪನಿ ಮಾಲು. ಹೊರಗೆ ತಕಂಡು ಹೋಗೂಕಿಲ್ಲ."

"ಸಣ್ಣಿದ್ದಾಗ ನಿನ್ನ ಹೊತ್ತದ್ದೂ ನಾನೇಯ. ಆಗ ನೀನು ಯಾರ ಮಾಲಾಗಿದ್ಯಾ?"

ಗಲಾಟೆ ಕೇಳಿ ಎಂಜಿನಿಯರ್ ಅಂಕಿತಾ ಹೊರಗೆ ಬಂದಳು. ಮೈಸೂರು ಕಡೆಯ ಹುಡುಗಿ, ಕೆಟ್ಟವಳಲ್ಲ. "ಬೆಲೆ ಇರೋ ವಸ್ತು ಯಾವುದೂ ಗೇಟು ದಾಟಬಾರದು ಅಂತ ನಿಯಮ ಇದೆ ಅಮ್ಮಾ. ಕಸ ಆದರೆ ಬಿಡಬಹುದಿತ್ತು." ಕೊಯ್ದ ಹುಲ್ಲಿನ ರಾಶಿ ಆಗಲೇ ಬೇಲಿಯ ಮೂಲೆಯಲ್ಲಿ ಕೊಳೆತು ನಾರುತ್ತಿತ್ತು.

ಮಾದಿ ಹೊರೆ ಇಳಿಸಲಿಲ್ಲ. ಹೊತ್ತೇ ಕೇಳಿದಳು:

"ಅಕ್ಕೋರೆ, ಈ ಜಾಗ ಖರಾಬು ಅಂತ ನೀವೇ ಬರದದ್ದು ಅಲ್ದಾ?"

"ಹೌದು, ದಾಖಲೆಯಲ್ಲಿ ಹಾಗಿದೆ."

"ಇಲ್ಲಿ ಎಂತದೂ ಬೆಳೂದಿಲ್ಲ ಅಂತಾನೂ ಬರದೀರಿ?"

"ನೀವೇ ಹೇಳಿದ್ದಂತಲ್ಲ."

"ಹಾಂಗಾರೆ ಖರಾಬು ಜಾಗದಾಗೆ ಹುಟ್ಟಿದ ಹುಲ್ಲು ಬೆಲೆ ಇದ್ದದ್ದು ಆಗೂದು ಹೆಂಗ್ರಾ?"

ಅಂಕಿತಾ ಒಳಗೇ ಲೆಕ್ಕ ಹಾಕಿದಳು. ಹುಲ್ಲಿಗೆ ಬೆಲೆ ಇದೆ ಎಂದರೆ ಜಾಗಕ್ಕೂ ಬೆಲೆ ಇತ್ತು ಎಂದಾಗುತ್ತದೆ. ಹಾಗಾದರೆ ಕಪಾಟಿನಲ್ಲಿರುವ ಅಷ್ಟೂ ಫೈಲು ಸುಳ್ಳು. ಅವಳು ವೆಂಕಟನ ಕಡೆ ತಿರುಗಿದಳು. "ಬರ್ಕೊಳ್ಳಿ. ಖರಾಬು ಹುಲ್ಲು, ಒಂದು ಹೊರೆ."

"ಆತು ಮೇಡಂ," ಎಂದು ವೆಂಕಟ ನಗು ನುಂಗಿಕೊಂಡು ಗೇಟಿನ ಪುಸ್ತಕದಲ್ಲಿ ಬರೆದ.

ಅಂದಿನಿಂದ ದಿನವೂ ಅದೇ ಸಾಲು. ಆ ಖರಾಬು ಹುಲ್ಲು ತಿಂದು ಎಮ್ಮೆ ಮೈತುಂಬಿಕೊಂಡಿತು, ದೀಪಾವಳಿಗೆ ನಾಲ್ಕು ದಿನ ಇರುವಾಗ ಕರು ಹಾಕಿತು. ಮಾದಿ ಗಿಣ್ಣ ಕಾಸಿ, ಸ್ಟೀಲಿನ ಡಬ್ಬಿಯಲ್ಲಿ ಗೇಟಿಗೆ ಒಯ್ದಳು. ಅಂಕಿತಾ ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣರಳಿಸಿದಳು.

"ಎಷ್ಟು ಚೆನ್ನಾಗಿದೆ! ಎಮ್ಮೆಗೆ ಏನು ಹಾಕ್ತೀರಿ?"

"ಎಂತದೂ..." ಎಂದು ಮೂವತ್ತು ವರ್ಷದ ಅಭ್ಯಾಸ ನಾಲಿಗೆಯ ತುದಿಗೆ ಬಂತು. ಮಾದಿ ಅದನ್ನು ಅಲ್ಲಿಯೇ ಹಿಡಿದಳು. ಅತ್ತಿತ್ತ ನೋಡಿ, ವೆಂಕಟನ ಪುಸ್ತಕ ಮುಚ್ಚಿದೆ ಎಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದಳು.

"ಈ ಗುಡ್ಡೆ ಹುಲ್ಲು ಭಾರೀ ಚಲೋ, ಅಕ್ಕೋರೆ. ಬರ್ಕಣಬೇಡಿ ಮತ್ತೆ."