ಕೌದಿಯ ಹೊಟ್ಟೆಯೊಳಗಿನ ಶೇಂಗಾ ಉಂಡಿ

ಹಳೆಯ ಬಟ್ಟೆಯನ್ನು ಎಸೆಯುವುದು ಎಂದರೇನೆಂದೇ ನಮಗೆ ಗೊತ್ತಿರದ ದಿನಗಳವು. ಜಕ್ಕಲಿಯ ನಮ್ಮ ಮನೆಯಲ್ಲಿ ಅರಿವೆಯೊಂದು ಹರಿಯಿತೆಂದರೆ ಅದರ ಕೆಲಸ ಬದಲಾಯಿತು ಎಂದಷ್ಟೇ ಅರ್ಥ. ಅಪ್ಪನ ಧೋತರ ಹರಿದರೆ ರೊಟ್ಟಿ ಸುತ್ತಿಡುವ ಬಟ್ಟೆಯಾಗುತ್ತಿತ್ತು, ಅದೂ ಸವೆದರೆ ದೀಪದ ಬತ್ತಿಯಾಗುತ್ತಿತ್ತು. ಉಳಿದದ್ದೆಲ್ಲ ಆಯಿಯ ಗಂಟಿಗೆ. ಆಯಿ ಎಂದರೆ ಅಪ್ಪನ ಅವ್ವ. ಪಡಸಾಲೆಯ ಮೂಲೆಯಲ್ಲಿದ್ದ ಆ ಗಂಟಿನ ಮೇಲೆ ಬೆಕ್ಕು ಮಲಗುತ್ತಿತ್ತು, ಬೆಕ್ಕು ಎದ್ದು ಹೋದಾಗ ನಾನು ಮಲಗುತ್ತಿದ್ದೆ.

ಶ್ರಾವಣ ಹತ್ತಿರವಾದಂತೆ ಓಣಿಗೆ ಓಣಿಯೇ ಶೇಂಗಾ ಹುರಿದ ವಾಸನೆಯಲ್ಲಿ ಮುಳುಗುತ್ತಿತ್ತು. ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಗಂಡನ ಮನೆಯಿಂದ ಬಂದವರೆಲ್ಲ ಜೋಕಾಲಿ ಕಟ್ಟಿ ಆಡುವುದು, ಉಂಡಿ ತಿನ್ನುವುದು, ಮತ್ತೆ ಜೋಕಾಲಿ ಆಡುವುದು. ನಾವು ಚಿಕ್ಕವರು ಒಣಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗರಗರ ತಿರುಗಿಸುತ್ತಿದ್ದೆವು. ಆಡಿ ಆಡಿ ಬೇಸರವಾದರೆ ಆಟಿಕೆಯನ್ನೇ ಕಡಿದು ತಿನ್ನುವ ಅನುಕೂಲ ಬೇರೆ.

ಆ ವರ್ಷ ಮಾತ್ರ ನನಗೆ ಹಬ್ಬವೇ ಬೇಡವಾಗಿತ್ತು. ನಮ್ಮ ಶಾಂತಕ್ಕನ ಮದುವೆಯಾದ ಮೇಲಿನ ಮೊದಲ ಪಂಚಮಿ ಅದು. ಅವಳನ್ನು ಗಜೇಂದ್ರಗಡಕ್ಕೆ ಕೊಟ್ಟಿದ್ದರು. ಆಷಾಢಕ್ಕೆಂದು ತವರಿಗೆ ಬಂದವಳನ್ನು ನಡುವೆಯೇ ವಾಪಸು ಕರೆದುಕೊಂಡು ಹೋಗಿದ್ದರು. ಅವಳ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. ಪಂಚಮಿಗೂ ಕಳಿಸಲಾಗುವುದಿಲ್ಲ, ಆ ಮನೆಯ ಮಗಳು ಹಬ್ಬಕ್ಕೆ ಬರುತ್ತಾಳೆ, ಮಾಡಿಹಾಕಲು ಸೊಸೆ ಬೇಕೇಬೇಕು ಎಂದು ಹೇಳಿಕಳಿಸಿದ್ದರು. ಅವರ ಮಗಳು ತವರಿಗೆ ಬರಬಹುದು, ನಮ್ಮ ಮನೆಯ ಮಗಳು ಬರಬಾರದು, ಇದ್ಯಾವ ನ್ಯಾಯವೆಂದು ನಾನು ಅವ್ವನ ಬೆನ್ನು ಹತ್ತಿ ಕೇಳಿದೆ. ಅವ್ವ ಪಾಕ ನೋಡುತ್ತಿದ್ದಳು. ಬೆಲ್ಲದ ಚೂರೊಂದನ್ನು ನನ್ನ ಬಾಯಿಗೆ ತುರುಕಿ ಆ ಪ್ರಶ್ನೆಯನ್ನು ಅಲ್ಲಿಗೇ ಮುಗಿಸಿದಳು.

ಜೋಕಾಲಿಯನ್ನು ಶಾಂತಕ್ಕನಂತೆ ಜೀಕಿಸುವವರು ಊರಲ್ಲೇ ಇರಲಿಲ್ಲ. ಅವಳು ಹಿಂದಿನಿಂದ ನೂಕಿದರೆ ಕಾಲು ಬೇವಿನ ಟೊಂಗೆಗೆ ತಾಗಬೇಕು. ಅವಳಿಲ್ಲದ ಪಂಚಮಿಯನ್ನು ನೆನೆದು ನಾನು ಗಂಟಿನ ಮೇಲೆ ಮುಖವಿಟ್ಟು ಅಳುತ್ತಿದ್ದಾಗ ಆಯಿ ನನ್ನನ್ನು ಎಬ್ಬಿಸಿ, ಗಂಟನ್ನು ನನ್ನ ಕೆಳಗಿನಿಂದಲೇ ಎಳೆದು ಬಿಚ್ಚಿದಳು.

"ಆಕಿ ಬರಾಕ ಆಗಲಿಲ್ಲಂದ್ರ ಏನಾತು, ಮನಿನ ಆಕಿ ಕಡೆ ಕಳಸೂಣು," ಎಂದಳು.

ಹಾಸಿ ಹೊದೆಯಲೊಂದು ಕೌದಿ ಹೊಲಿಯುವುದೆಂದು ಹಾಗೆ ನಿಶ್ಚಯವಾಯಿತು. ಮನೆಯವರೆಲ್ಲರ ಬಟ್ಟೆಯ ತುಂಡೊಂದು ಅದರಲ್ಲಿ ಇರಬೇಕು. ಅಪ್ಪನ ಅಂಗಿಯ ಬೆನ್ನು ಬಂತು, ಅವ್ವನ ಸೀರೆಯ ಸೆರಗು ಬಂತು, ಆಯಿಯದೇ ಹಳೆಯ ಇಳಕಲ್ಲು ಸೀರೆ ಅಡಿಯ ಹಾಸಾಯಿತು. ದಾರವನ್ನೂ ಕೊಳ್ಳಲಿಲ್ಲ. ಗೊಬ್ಬರದ ಚೀಲಗಳ ಬಾಯಿ ಬಿಚ್ಚಿದಾಗ ಸಿಗುವ ದಾರವನ್ನು ಆಯಿ ಜೋಳದ ದಂಟಿಗೆ ಸುತ್ತಿ ಸುತ್ತಿ ಇಟ್ಟಿದ್ದಳು. ನಾಲ್ಕು ಅಂಚಿಗೆ ಹಸಿರು ಬಟ್ಟೆ ಸಾಲದಾದಾಗ ನಾನು ನನ್ನ ಹಸಿರು ಪರಕಾರವನ್ನು ತಂದು, ಅದು ಬಿಗಿಯಾಗಿದೆ ಎಂದು ಸುಳ್ಳು ಹೇಳಿದೆ. ಆಯಿ ಅದನ್ನು ನನ್ನ ಸೊಂಟಕ್ಕೆ ಹಿಡಿದು ನೋಡಿದಳು. ಇನ್ನೂ ಬೇಕಾದಷ್ಟು ಸಡಿಲವಿತ್ತು. ಆದರೂ ಕತ್ತರಿ ಹಾಕಿದಳು.

ನನ್ನ ಪಾಲಿನ ಕೆಲಸ ಬೇರೆಯೇ ಇತ್ತು. ಅಕ್ಕನ ಮದುವೆಯಲ್ಲಿ ಒಡೆದ ಬಳೆಗಳ ಚೂರುಗಳನ್ನು ನಾನು ಡಬ್ಬಿಯಲ್ಲಿ ಕೂಡಿಟ್ಟಿದ್ದೆ. ಅವನ್ನು ಚಿಮಣಿಯ ಉರಿಗೆ ಹಿಡಿದು, ಮೆತ್ತಗಾದಾಗ ಬಾಗಿಸಿ, ಒಂದರೊಳಗೊಂದು ಸಿಕ್ಕಿಸಿ ಸರ ಮಾಡಿದೆ. ಬೆರಳು ಸುಟ್ಟಾಗೆಲ್ಲ ಬಾಯಲ್ಲಿಟ್ಟುಕೊಂಡು ಚೀಪುವುದು, ಮತ್ತೆ ಶುರು. ಅಕ್ಕನ ಬಾಗಿಲಿಗೆ ಅದು ತೋರಣವಾಗಬೇಕೆಂಬ ಹಂಚಿಕೆ ನನ್ನದು.

ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ನಟ್ಟನಡುವೆ ಅಂಗೈಯಷ್ಟು ಜಾಗ ಉಳಿದಾಗ ಆಯಿ ಕೈ ತಡೆದಳು. ಅದು ಕೌದಿಯ ಹೊಟ್ಟೆ. ಅದನ್ನು ಬರಿದಾಗಿ ಹೊಲಿಯುವಂತಿಲ್ಲ, ನಾಲ್ಕು ಜೋಳದ ಕಾಳನ್ನಾದರೂ ಇಡಬೇಕು ಎಂಬುದು ನಮ್ಮ ಮನೆಯ ಪದ್ಧತಿ.

"ಕೌದಿನ್ನ ಉಪವಾಸ ಕಳಿಸಬಾರದವ್ವ. ತಾನ ಹಸಗೊಂಡಿದ್ದು ಇನ್ನೊಬ್ಬರಿಗೆ ಹ್ಯಾಂಗ ಬೆಚ್ಚಗಿಟ್ಟೀತು?" ಎಂದಳು.

ಹೇಳಿದ್ದು ಜೋಳದ ಮಾತು, ಇಟ್ಟದ್ದು ಶೇಂಗಾ ಉಂಡಿ. ಅವ್ವ ಒಳಗೆ ಹೋದ ಹೊತ್ತು ನೋಡಿ ಹಿಂಡಾಲಿಯ ಪಾತ್ರೆಯಿಂದ ಒಂದನ್ನು ಎತ್ತಿ, ಅಂಗೈಯಲ್ಲಿ ತಟ್ಟಿ ಚಪ್ಪಟೆ ಮಾಡಿ, ಬಿಳಿಯ ಧೋತರದ ಚೂರಿನಲ್ಲಿ ಸುತ್ತಿ, ಹೊಟ್ಟೆಯೊಳಗೆ ಇಟ್ಟು ಹೊಲಿದೇಬಿಟ್ಟಳು. ಉಂಡಿಯ ಡಬ್ಬಿ ಹೇಗೂ ಹೋಗುತ್ತದಲ್ಲ ಎಂದು ನಾನು ಕೇಳಿದೆ. ಡಬ್ಬಿ ಅತ್ತೆಯ ಕೈಗೆ ಹೋಗುತ್ತದೆ, ಓಣಿಗೆಲ್ಲ ಹಂಚಿಹೋಗುತ್ತದೆ, ಕೊನೆಗೆ ಉಣ್ಣುವ ಹೊಸ ಸೊಸೆಗೆ ಡಬ್ಬಿಯ ತಳದ ಪುಡಿಯೇ ಗತಿ ಎಂದು ಆಯಿ ತನ್ನ ಅನುಭವ ಹೇಳಿದಳು. ಕೌದಿಯ ನಡುವೆ ಬಿಚ್ಚಿ ನೋಡಬೇಕೆಂದು ಅಕ್ಕನ ಕಿವಿಯಲ್ಲಿ ಹೇಳಲು ಅಪ್ಪನಿಗೆ ತಿಳಿಸಿದೆವು. ಪಂಚಮಿಗೆ ಎರಡು ದಿನ ಮುಂಚಿನ ರೊಟ್ಟಿ ಹಬ್ಬದ ದಿನ ಅಪ್ಪ ಡಬ್ಬಿ, ಕೌದಿ, ಬಳೆಚೂರಿನ ಸರ ಹೊತ್ತು ಕೆಂಪು ಬಸ್ಸು ಹತ್ತಿದ. ಗಜೇಂದ್ರಗಡ ಮುಟ್ಟುವ ಹೊತ್ತಿಗೆ ಆ ಮಾತು ಅವನ ತಲೆಯಿಂದ ಪೂರ್ತಿ ಇಳಿದುಹೋಗಿತ್ತು. ಬೀಗರು ಸಿಕ್ಕರೆ ಅಪ್ಪನಿಗೆ ಮಳೆ ಮತ್ತು ಹೆಸರಿನ ಬೆಳೆ ಬಿಟ್ಟು ಬೇರೆ ಏನೂ ನೆನಪಿರುತ್ತಿರಲಿಲ್ಲ.

ಮುಂದಿನದನ್ನು ಅಕ್ಕನ ಬಾಯಿಂದ ಎಷ್ಟು ಸಲ ಕೇಳಿದ್ದೇನೋ. ಕೌದಿಯನ್ನು ಬಿಡಿಸಿದವಳೇ ಒಂದೊಂದು ತುಂಡನ್ನೂ ಸವರಿ, ಇದು ಅಪ್ಪ, ಇದು ಅವ್ವ ಎಂದು ಗುರುತಿಸಿದಳಂತೆ. ಹಸಿರು ಅಂಚು ನೋಡಿದಾಗ ಮಾತ್ರ ಅಳು ತಡೆಯಲಾಗಲಿಲ್ಲವಂತೆ. ಆಮೇಲೆ ಕಣ್ಣೊರೆಸಿಕೊಂಡು, ಅದನ್ನು ಅತ್ತೆಯ ಹೊರಸಿನ ಮೇಲೆಯೇ ಹಾಸಿದಳು. ಕಾಲು ಮುರಿದಂದಿನಿಂದ ಹೊರಸಿನ ಹಗ್ಗ ಒತ್ತಿ ಒತ್ತಿ ಅವರ ಬೆನ್ನು ನೋಯುತ್ತಿತ್ತು. ನಮ್ಮ ಅಕ್ಕ ಅಂಥವಳು.

ಮರುದಿನ ನಾಗಚೌತಿ. ಆ ಮನೆಯ ಮಗಳು ಬೆಳಿಗ್ಗೆಯೇ ತವರಿಗೆ ಬಂದಿಳಿದಿದ್ದಳು. ಮಧ್ಯಾಹ್ನ ಊಟ ಮಾಡಿ ಮಲಗಿದ್ದ ಅತ್ತೆ ಇದ್ದಕ್ಕಿದ್ದಂತೆ ಬೆನ್ನು ಕೆರೆದುಕೊಳ್ಳುತ್ತ ಎದ್ದು ಕೂತರು. ಹೊರಸಿನ ಕಾಲಿನಿಂದ ಹೊರಟ ಇರುವೆಯ ಸಾಲು ನೆಟ್ಟಗೆ ಕೌದಿಯ ನಡುವಿಗೆ ಬಂದು ಮುಟ್ಟಿತ್ತು. ಹೊಲಿಗೆ ಕಿತ್ತು ನೋಡಿದರೆ ಉಂಡಿ. ರಾತ್ರಿ ಅಲ್ಲೇ ಉಳಿದು ಅಂಗಳದಲ್ಲಿ ಕೂತಿದ್ದ ಅಪ್ಪನಿಗೆ ಆಗ ನೆನಪಾಯಿತು, ನಾಲಗೆ ಕಚ್ಚಿಕೊಂಡ.

"ಏನ್ರಿ ಬೀಗ್ರ, ನಮ್ಮ ಮನ್ಯಾಗ ನಿಮ್ಮ ಮಗಳಿಗೆ ತಿನ್ನಾಕ ಇಲ್ಲೇನ್ರಿ?" ಎಂದರು ಅತ್ತೆ.

ಮೊದಲ ಹಬ್ಬಕ್ಕೇ ಮಗಳ ಬಾಳಿಗೆ ಮಾತು ತಂದೆನಲ್ಲ ಎಂದು ಅಪ್ಪ ತನ್ನನ್ನೇ ಬೈದುಕೊಂಡನಂತೆ. ಅಡುಗೆಮನೆಯಿಂದ ಬಂದ ಅಕ್ಕನೇ ಧೈರ್ಯ ಮಾಡಿದಳು.

"ನಮ್ಮ ಆಯಿ ಇಟ್ಟಾಳ್ರಿ ಅತ್ತಿ. ಕೌದಿನ್ನ ಉಪವಾಸ ಕಳಿಸಬಾರದಂತ್ರಿ."

ಅತ್ತೆ ಉಂಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಸೊಸೆಯಾಗಿ ಬಂದ ಹೊಸದರಲ್ಲಿ ಅವರೂ ಡಬ್ಬಿಯ ತಳದ ಪುಡಿ ತಿಂದವರೇ ಇರಬೇಕು. ಇರುವೆಗಳನ್ನು ಊದಿ ಝಾಡಿಸಿ, ಉಂಡಿಯನ್ನು ಮುರಿದು ಅರ್ಧವನ್ನು ಅಕ್ಕನ ಕೈಗಿಟ್ಟರು, ಉಳಿದರ್ಧ ತಮ್ಮ ಬಾಯಿಗೆ ಹಾಕಿಕೊಂಡರು.

"ನನ್ನ ಮಗಳು ಬಂದಾಳಲ್ಲ, ನಾಕ ದಿನ ಆಕಿನ ರೊಟ್ಟಿ ಬಡೀಲಿ. ಈಕಿನ್ನ ಕರಕೊಂಡ ಹೋಗ್ರಿ," ಎಂದರು. "ಕೌದಿ ಮಾತ್ರ ಕೊಡೂದಿಲ್ಲ ಮತ್ತ."

ಪಂಚಮಿಯ ದಿನ ನಾನು ಜೋಕಾಲಿಯ ಮೇಲೆ ಸುಮ್ಮನೆ ಕೂತಿದ್ದೆ. ಹಿಂದಿನಿಂದ ಯಾರೋ ನೂಕಿದರು. ಕಾಲು ನೇರ ಬೇವಿನ ಟೊಂಗೆಗೆ ತಾಗಿತು. ತಿರುಗಿ ನೋಡುವುದೇ ಬೇಕಾಗಲಿಲ್ಲ. ನಾನು ಮೇಲಿನಿಂದಲೇ ಅಕ್ಕಾ, ಅಕ್ಕಾ ಎಂದು ಕಿರುಚಿದ್ದು ಮೂರು ಓಣಿಗೆ ಕೇಳಿಸಿತ್ತಂತೆ. ಅಂಥ ಸಂತೋಷ ನನಗೆ ಆಮೇಲೆ ಎಷ್ಟು ಸಲ ಸಿಕ್ಕಿತು, ಹೇಳಲಾರೆ. ಆಯಿ ಬಾಗಿಲಿಗೆ ಬಂದವಳು ಕುಶಲ ಕೇಳಲಿಲ್ಲ, ಉಂಡಿ ಸಿಕ್ಕಿತೇ ಎಂದು ಕೇಳಿದಳು. ಅರ್ಧ ಸಿಕ್ಕಿತು ಎಂದಳು ಅಕ್ಕ. ಉಳಿದರ್ಧ ಯಾರು ತಿಂದರೆಂದು ಆಯಿ ಜಗಳಕ್ಕೇ ನಿಂತಿದ್ದಳು, ಕಥೆ ಕೇಳಿದ ಮೇಲೆ ನಕ್ಕು ನಕ್ಕು ಕೆಮ್ಮಿದಳು. ಮರುವರ್ಷದಿಂದ ಬೀಗತಿಗೆಂದೇ ಬೇರೆ ಡಬ್ಬಿ ಹೋಗತೊಡಗಿತು.

ಆಯಿ ಹೋಗಿ ಬಹಳ ವರ್ಷವಾಯಿತು. ಆ ಕೌದಿಯನ್ನು ಅಕ್ಕನ ಅತ್ತೆ ಕೊನೆತನಕ ಯಾರಿಗೂ ಬಿಟ್ಟುಕೊಡಲಿಲ್ಲ. ಆಯಿಯ ಹೊಲಿಗೆಯನ್ನು ನಾನು ಕಲಿಯಲಿಲ್ಲ, ನಾಳೆ ಕಲಿತರಾಯಿತು ಎನ್ನುತ್ತಲೇ ಉಳಿದೆ. ಈಗ ನಮ್ಮ ಮನೆಯಲ್ಲಿ ಅರಿವೆಯ ಗಂಟಿಲ್ಲ, ಹಳೆಯ ಬಟ್ಟೆಗಳು ಕಸದ ಗಾಡಿಗೆ ಹೋಗುತ್ತವೆ.

ಹೋದ ಶ್ರಾವಣದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನೇ ಈಗ ಅತ್ತೆ, ಮನೆಗೆ ಹೊಸ ಸೊಸೆ ಬಂದಿದ್ದಾಳೆ. ಆ ಹುಡುಗಿಗೆಂದು ಫೋನಿನಲ್ಲೇ ಆರಿಸಿ ತರಿಸಿದ ರಜಾಯಿ ಒಯ್ದಿದ್ದೆ. ನುಣ್ಣಗೆ, ಮೆತ್ತಗೆ, ಜಿಪ್ಪು ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಚೆಂದವಾಗಿತ್ತು. ಸೊಸೆ ಅದನ್ನು ಬಿಡಿಸಿ ಹೊರಸಿನ ಮೇಲೆ ಹಾಸಿದಳು. ಅಕ್ಕ ಹತ್ತಿರ ಬಂದು, ಯಾವುದೋ ರೂಢಿಯಿಂದೆಂಬಂತೆ, ಅದರ ನಟ್ಟನಡುವೆ ಕೈಯಿಟ್ಟು ಒತ್ತಿ ನೋಡಿದಳು. ಇನ್ನೊಮ್ಮೆ ಒತ್ತಿದಳು.

"ಪಾಪ," ಎಂದಳು ನನ್ನ ಕಡೆ ನೋಡಿ, "ಉಪವಾಸ ಬಂದೈತಲ್ಲ ಇದು."