ನವಜಾತ ಶಿಶುಗಳ ಕೋಣೆಗೆ ಬಂದ ಎಸಿ ಮೆಕ್ಯಾನಿಕ್

ಕೋವಿಡ್ ಗಲಾಟೆ ಅಡಗಿದ ಮೇಲಿನ ಎರಡನೇ ಬೇಸಿಗೆ. ಹೊಸಪೇಟೆಯ ಒಂದು ಖಾಸಗಿ ಆಸ್ಪತ್ರೆಯ ನವಜಾತ ಶಿಶುಗಳ ಘಟಕಕ್ಕೆ ನಾನು ಮುಖ್ಯ ಶುಶ್ರೂಷಕಿ. ನಿವೃತ್ತಿ ಹತ್ತಿರವಾಗಿತ್ತು, ಸಿಟ್ಟು ಮಾತ್ರ ಕೆಲಸಕ್ಕೆ ಸೇರಿದ ದಿನ ಇದ್ದಷ್ಟೇ ಇತ್ತು.

ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಮೈಯ ಬಿಸಿ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ. ಅವುಗಳನ್ನು ವಾರ್ಮರ್‌ನಲ್ಲಿ, ಅಂದರೆ ಮೇಲಿನಿಂದ ಕಾವು ಕೊಡುವ ತೊಟ್ಟಿಲಿನಲ್ಲಿ ಮಲಗಿಸುತ್ತೇವೆ. ಕೋಣೆಯೂ ಇಪ್ಪತ್ತೇಳು ಡಿಗ್ರಿಯ ಆಸುಪಾಸಿನಲ್ಲಿರಬೇಕು. ಹೊಸಪೇಟೆಯ ಏಪ್ರಿಲ್‌ನಲ್ಲಿ ಆ ಹದ ಕಾಯುವುದು ಎಸಿ. ಒಂದು ಮಧ್ಯಾಹ್ನ ಅದು ನಿಂತುಹೋಯಿತು.

ನೋಡನೋಡುತ್ತ ಕೋಣೆ ಮೂವತ್ತಾರಕ್ಕೆ ಏರಿತು. ಒಳಗಿದ್ದ ನಾಲ್ಕು ಕೂಸುಗಳಲ್ಲಿ ಎಲ್ಲಕ್ಕಿಂತ ಸಣ್ಣದು ಕಂಪ್ಲಿಯ ಹುಲಿಗೆಮ್ಮನ ಮಗಳು, ಬರೀ ಒಂದೂಕಾಲು ಕೆಜಿ. ಹಿಂದಿನ ಎರಡು ಬಸಿರು ನಿಲ್ಲದ ಹೆಂಗಸು, ಬಾಗಿಲ ಹೊರಗಿನ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ವಾರ್ಮರ್‌ಗಳನ್ನೆಲ್ಲ ಆಫ್ ಮಾಡಿದರೂ ಆ ಕೂಸಿನ ಮೈ ಕಾದು ಉಸಿರಾಟ ಜೋರಾಯಿತು.

ಎಸಿ ಕಂಪನಿಯವರು ಇಂಜಿನಿಯರ್ ನಾಳಿದ್ದು ಬರುತ್ತಾನೆ ಅಂದರು. ಹೊರಗಿನವರು ಕೈಹಾಕಿದರೆ ವಾರಂಟಿ ಹೋಗುತ್ತದೆ ಎಂದು ನಮ್ಮ ಆಡಳಿತಾಧಿಕಾರಿ ರಾಗ ಎಳೆದರು.

"ವಾರಂಟಿ ಎಸಿಗೈತ್ರಿ ಸರ್, ಕೂಸಿಗಿಲ್ಲ" ಎಂದು ನಾನೇ ಫೋನ್ ಎತ್ತಿಕೊಂಡೆ.

ಸಂಡೂರಿನ ರುದ್ರೇಶ ಗಣಿ ಕಚೇರಿಗಳ, ಕಡ್ಡಿರಾಂಪುರದ ಹೋಂಸ್ಟೇಗಳ ಎಸಿ ನೋಡಿಕೊಳ್ಳುವ ಗುತ್ತಿಗೆದಾರ. ಪುಣ್ಯಕ್ಕೆ ಆ ಹೊತ್ತು ಹತ್ತಿರದ ಕಮಲಾಪುರದಲ್ಲೇ ಇದ್ದ, ಬೇಗ ಬಂದ. ಹೊರಗಿನ ಯೂನಿಟ್ ಬಿಚ್ಚಿದರೆ ಜಾಲರಿಯ ತುಂಬ ಅದಿರು ಲಾರಿಗಳ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. ಮೋಟರ್ ಎಬ್ಬಿಸುವ ಕೆಪಾಸಿಟರ್ ಸುಟ್ಟುಹೋಗಿತ್ತು. ಧೂಳು ತೊಳೆದು ಹೊಸದನ್ನು ಹಾಕತೊಡಗಿದ.

"ಇಪ್ಪತ್ತೇಳಕ್ಕ ಇಡಬೇಕಪ್ಪ" ಅಂದೆ.

"ಆತ್ರಿ ಸಿಸ್ಟರ್, ಚಿಂತಿ ಬ್ಯಾಡ."

ಅಷ್ಟರಲ್ಲಿ ಹೆರಿಗೆ ಕೋಣೆಯಿಂದ ಕರೆ ಬಂತು. ಹೋಗಿ ಬಂದು ಬಾಗಿಲು ತಳ್ಳಿದರೆ ಮುಖಕ್ಕೆ ತಣ್ಣನೆ ಗಾಳಿ ರಾಚಿತು. ರುದ್ರೇಶ ರಿಮೋಟ್ ಹಿಡಿದು ನಗುತ್ತ ನಿಂತಿದ್ದ. ಅದರಲ್ಲಿ ಹದಿನಾರು.

"ನೋಡ್ರಿ ಸಿಸ್ಟರ್, ಊಟಿ ಆಗೇತಿ!"

ನಮ್ಮ ಕಡೆ ಎಸಿ ರಿಪೇರಿಯ ಪದ್ಧತಿಯೇ ಅದು. ಹದಿನಾರಕ್ಕೆ ಇಳಿಸಿ, ಮನೆಯವರನ್ನು ಗಾಳಿಯ ಕೆಳಗೆ ನಿಲ್ಲಿಸಿ, ಅವರು ಸಾಕಪ್ಪ ಅನ್ನುವವರೆಗೆ ಕೆಲಸ ಮುಗಿಯುವುದಿಲ್ಲ. ಪಾಳಿಯಲ್ಲಿದ್ದ ನರ್ಸ್ ಇದೇನೋ ಟೆಸ್ಟಿಂಗ್ ಎಂದುಕೊಂಡು ಮೂಲೆಯಲ್ಲಿ ಕೂಸೊಂದಕ್ಕೆ ಹಾಲು ಹಾಕುತ್ತಿದ್ದಳು. ತೊಟ್ಟಿಲಲ್ಲಿದ್ದವರಿಗೆ ಸಾಕು ಅನ್ನಲು ಬರುತ್ತಿರಲಿಲ್ಲ.

ರಿಮೋಟ್ ಕಿತ್ತುಕೊಂಡು ಇಪ್ಪತ್ತೇಳಕ್ಕೆ ಏರಿಸಿದೆ. "ಕೊಲ್ತಿಯೇನೋ!" ಎಂದು ಚೀರಿದ್ದು ಕಾರಿಡಾರಿಗೆಲ್ಲ ಕೇಳಿಸಿತಂತೆ. ವಾರ್ಮರ್‌ಗಳನ್ನು ಹಾಕಿದೆವು. ಮೂರು ಕೂಸುಗಳು ತಡೆದುಕೊಂಡಿದ್ದವು. ಹುಲಿಗೆಮ್ಮನ ಮಗಳ ಪಾದ ನೀಲಿಗಟ್ಟಿತ್ತು, ಥರ್ಮಾಮೀಟರ್ ಮೂವತ್ತೈದೂವರೆ ತೋರಿಸಿತು, ಇರಬೇಕಾದದ್ದಕ್ಕಿಂತ ಒಂದು ಡಿಗ್ರಿ ಕಡಿಮೆ. ವಾರ್ಮರ್ ಕಾವೇರುವವರೆಗೆ ಕಾಯುವಂತಿರಲಿಲ್ಲ. ಹುಲಿಗೆಮ್ಮನನ್ನು ಪರದೆಯ ಹಿಂದೆ ಕೂರಿಸಿ, ಕೂಸನ್ನು ಅವಳ ಬರಿ ಎದೆಗೆ ಒರಗಿಸಿ, ಮೇಲೆ ಕಂಬಳಿ ಹೊದಿಸಿದೆ. ಇಷ್ಟು ವರ್ಷದ ಸರ್ವೀಸಿನಲ್ಲಿ ಅಷ್ಟು ಹೆದರಿದ್ದು ನೆನಪಿಲ್ಲ.

ರುದ್ರೇಶ ಬಾಗಿಲ ಆಚೆ ಗೋಡೆ ಹಿಡಿದು ನಿಂತಿದ್ದ.

"ಥಣ್ಣಗ ಮಾಡಿ ತೋರಿಸಲಿಲ್ಲಂದ್ರ ಯಾರೂ ನಂಬಂಗಿಲ್ರಿ ಸಿಸ್ಟರ್. ಕೈ ತಾನಾ ಹದಿನಾರಕ್ಕ ಹೋತ್ರಿ" ಅಂದ. ಆಮೇಲೆ ಮನೆಗೆ ಹೋಗೆಂದರೂ ಹೋಗಲಿಲ್ಲ. "ಈಗ ಎಷ್ಟೈತ್ರಿ?" ಎಂದು ಕೇಳುತ್ತಲೇ ಇದ್ದ.

ಕೂಸಿನ ಮೈ ಬಿಸಿ ಮೂವತ್ತಾರು ದಾಟಿತು. ಸ್ವಲ್ಪ ಹೊತ್ತಿಗೆ ಪರದೆಯ ಹಿಂದಿನಿಂದ ಹುಲಿಗೆಮ್ಮ ಕೂಗಿದಳು: "ಸಿಸ್ಟರ್, ಕಾಲು ಝಾಡಿಸ್ತೈತ್ರಿ, ನನ್ನ ಹೊಟ್ಟಿಗೆ ಒದೀತೈತಿ!"

ನೋಡಿದರೆ ಪಾದ ಕೆಂಪಗಾಗಿತ್ತು. ರುದ್ರೇಶ ಅಲ್ಲೇ ನೆಲಕ್ಕೆ ಕುಸಿದು ಕೂತ. ನಾನೂ ಅವನ ಪಕ್ಕದಲ್ಲೇ ಕೂತೆ.

ರಿಪೇರಿಗೆ ಬಂದವರಿಗೆ ಡಿಗ್ರಿ ಹೇಳಿದರೆ ಸಾಲದು, ಆ ಯಂತ್ರದ ಕೆಳಗೆ ಮಲಗಿರುವವರನ್ನು ತೋರಿಸಬೇಕು. ನನ್ನ ಕೆಲಸ ಕಲಿಸಿದ ಪಾಠ ಅದು. ನಿವೃತ್ತಳಾಗುವವರೆಗೆ ಪ್ರತಿ ಮೆಕ್ಯಾನಿಕ್‌ನನ್ನೂ ಮೊದಲು ತೊಟ್ಟಿಲ ಬಳಿ ಕರೆದೊಯ್ದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಎಸಿ ಕೆಟ್ಟಿತು. ರುದ್ರೇಶನನ್ನೇ ಕರೆಸಿದೆ. ಒಳಗೆ ಹಾಸಿಗೆ ಹಿಡಿದ ಅತ್ತೆ ಇದ್ದಾರೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಹೊಸಿಲಲ್ಲೇ ನಿಂತು ಅವನು ಕೇಳಿದ:

"ಒಳಗ ಯಾರ್ ಮಲಗ್ಯಾರ್ರಿ ಸಿಸ್ಟರ್?"